ಐನೂರು ಪದ ಮೀರದಂತೆ ವಿವರಿಸಿ

೧

ಎಲ್ಲಿಂದ ಶುರು ಮಾಡಲಿ ಎಂದು ಓದುಗರನ್ನೇ ಕೇಳುವ ಕಥೆಗಳನ್ನು ಕಂಡರೆ ನನಗೆ ಆಗುವುದಿಲ್ಲ. ಅಷ್ಟೂ ಗೊತ್ತಿಲ್ಲದವರು ಬರೆಯಲು ಕೂತದ್ದೇಕೆ ಎನಿಸುತ್ತದೆ. ಆದರೆ ಈ ಕಥೆಗೆ ಈಗಾಗಲೇ ಮೂರು ಆರಂಭಗಳಿವೆ. ಮೂರನ್ನೂ ಬರೆದವಳು ನಾನೇ. ಮೂರೂ ಸುಳ್ಳು. ಹಾಗಾಗಿ ಮಾನ ಬಿಟ್ಟು ಕೇಳುತ್ತಿದ್ದೇನೆ: ಎಲ್ಲಿಂದ ಶುರು ಮಾಡಲಿ?

(ನೀವು ಉತ್ತರ ಕೊಡುವುದಿಲ್ಲ. ಓದುಗರಾಗಿರುವುದರ ಸುಖವೇ ಅದು.)

ಸರಿ, ಸಮಸ್ಯೆಯಿಂದಲೇ ಶುರು ಮಾಡುತ್ತೇನೆ. ನನ್ನ ಅಕ್ಕನ ಮಗಳು ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕುತ್ತಿದ್ದಾಳೆ. ಅಂಕಗಳು ಚೆನ್ನಾಗಿವೆ, ಪ್ರವೇಶ ಪರೀಕ್ಷೆಯನ್ನೂ ಚೆನ್ನಾಗಿಯೇ ಬರೆದಿದ್ದಾಳೆ. ಆದರೆ ಅಂಕಪಟ್ಟಿಯ ಒಂದು ಕಡೆ, ರಸಾಯನಶಾಸ್ತ್ರದ ಪ್ರಾಕ್ಟಿಕಲ್ ಪರೀಕ್ಷೆಯ ಎದುರಿಗೆ, ಅಂಕಿ ಇರಬೇಕಾದ ಜಾಗದಲ್ಲಿ ಅಕ್ಷರಗಳಿವೆ: ‘ರದ್ದು. ಅಕ್ರಮ.’ ಅದರ ಕೆಳಗಿನ ಸಾಲಿನಲ್ಲಿ ಮರುವರ್ಷ ಮತ್ತೆ ಕೂತು ಪಾಸಾದ ಅಂಕ. ಆ ಎರಡು ಸಾಲುಗಳ ನಡುವಿನ ಸಂದಿಯಲ್ಲಿ ಅವಳ ಒಂದು ವರ್ಷ ಬಿದ್ದುಹೋಗಿದೆ.

ಬೇರೆ ಕಾಲೇಜುಗಳು ಆ ಪದ ನೋಡಿಯೇ ಅರ್ಜಿಯನ್ನು ಬದಿಗಿಟ್ಟವು. ಇದೊಂದು ಕಾಲೇಜು ಮಾತ್ರ, ‘ಶೈಕ್ಷಣಿಕ ದಾಖಲೆಯಲ್ಲಿ ಲೋಪವಿದ್ದಲ್ಲಿ ಐನೂರು ಪದ ಮೀರದಂತೆ ವಿವರಿಸಿ’ ಎಂದು ಕೇಳಿದೆ. ವಿವರಣೆ ಹಿಡಿಸಿದರೆ ಸಂದರ್ಶನ. ಸಂದರ್ಶನ ಹಿಡಿಸಿದರೆ ಸೀಟು. ಇಲ್ಲದಿದ್ದರೆ, ಎಂಟನೇ ಕ್ಲಾಸಿನಿಂದ ಅಕ್ಕನ ಮನೆಯಲ್ಲಿ ನಡೆಯುತ್ತಿರುವ ಡಾಕ್ಟರಾಗುವ ಮಾತು ಮುಗಿದಂತೆ.

“ನೀನು ಕಥೆ ಬರೀತೀಯಲ್ಲ, ಒಂದು ಬರೆದುಕೊಡು,” ಎಂದಳು ಅಕ್ಕ, ಒಗೆದ ಬಟ್ಟೆ ಮಡಚುತ್ತಾ.

“ಕಥೆ ಬೇರೆ, ಇದು ಬೇರೆ ಅಕ್ಕಾ.”

“ಏನೇ ಬೇರೆ? ಅದರಲ್ಲೂ ನಡೆದಿದ್ದು ಇರಲ್ಲ, ಇದರಲ್ಲೂ ನಡೆದಿದ್ದು ಇರಬಾರದು.”

ಅಕ್ಕನಿಗೆ ಸಾಹಿತ್ಯ ವಿಮರ್ಶೆಯಲ್ಲಿ ಯಾವ ತರಬೇತಿಯೂ ಇಲ್ಲ. (ಇದ್ದಿದ್ದರೆ ಇಷ್ಟು ಸ್ಪಷ್ಟವಾಗಿ ಹೇಳಲು ಆಗುತ್ತಿರಲಿಲ್ಲ.)

೨

ನಿರೂಪಕಿಯ ಪರಿಚಯ. ಬೇಡವೆಂದರೆ ಹಾರಿಸಿ, ನಾನು ನೋಡುವುದಿಲ್ಲ.

ಔಷಧಿ ಡಬ್ಬಿಯೊಳಗೆ ಮಡಚಿಟ್ಟ ತೆಳು ಕಾಗದದ ಚೀಟಿ ಇರುತ್ತದಲ್ಲ, ಡಬ್ಬಿ ತೆರೆದ ಕೂಡಲೇ ನೀವು ಎಸೆಯುತ್ತೀರಲ್ಲ, ಅದರ ಕರಡು ತಿದ್ದುವುದು ನನ್ನ ಉದ್ಯೋಗ. ‘ಅಪರೂಪಕ್ಕೆ’ ಎಂಬ ಪದ ತಲೆಸುತ್ತಿನ ಹಿಂದೆ ಬರಬೇಕೋ ಸಾವಿನ ಹಿಂದೆಯೋ ಎಂದು ಚಿಂತಿಸಿ ಸಂಬಳ ತೆಗೆದುಕೊಳ್ಳುತ್ತೇನೆ. ಈ ಕೆಲಸ ಮಾಡುವವರಿಗೆ ಲೋಕದಲ್ಲಿ ಯಾವುದೂ ಸುರಕ್ಷಿತವಾಗಿ ಕಾಣುವುದಿಲ್ಲ. ಬೀಗ ಹಾಕಿ ಜಗ್ಗುತ್ತೇನೆ. ಬೀದಿಯ ತಿರುವಿನವರೆಗೆ ಹೋಗಿ, ವಾಪಸು ಬಂದು, ಮತ್ತೆ ಜಗ್ಗುತ್ತೇನೆ.

ನನ್ನ ಎರಡು ಕಥೆಗಳು ಪ್ರಕಟವಾಗಿವೆ. ಎರಡರಲ್ಲೂ ಒಬ್ಬ ಹೆಂಗಸು ಕಿಟಕಿಯ ಬಳಿ ನಿಂತು ಹೊರಗೆ ನೋಡುತ್ತಾಳೆ. ಎರಡನೆಯದು ಬಂದ ಸಂಚಿಕೆಯ ನಂತರ ಆ ಪತ್ರಿಕೆ ನಿಂತುಹೋಯಿತು. ಎರಡಕ್ಕೂ ಸಂಬಂಧವಿಲ್ಲ ಎಂದು ಸಂಪಾದಕರು ತಾವಾಗಿಯೇ ಫೋನ್ ಮಾಡಿ ಹೇಳಿದರು. ನಾನು ಕೇಳಿರಲಿಲ್ಲ.

೩ (ಕರಡು ಒಂದು)

‘ಪರೀಕ್ಷೆಗೆ ಕೆಲವೇ ದಿನಗಳ ಮೊದಲು ನನ್ನ ಪ್ರೀತಿಯ ಅಜ್ಜಿ ತೀರಿಕೊಂಡರು...’

ಬರೆದದ್ದನ್ನು ಗಟ್ಟಿಯಾಗಿ ಓದಿ ನೋಡುವ ಚಟ ನನಗಿದೆ. ಓದಿದೆ. ಅಜ್ಜಿ, ಅಂದರೆ ನನ್ನ ಅಮ್ಮ, ಪಕ್ಕದ ಕುರ್ಚಿಯಲ್ಲೇ ಕೂತು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು.

“ಯಾರೇ ತೀರಿಕೊಂಡಿದ್ದು?”

“ಯಾರೂ ಇಲ್ಲಮ್ಮ. ಕಥೆ.”

“ಕಥೆಯಲ್ಲಿ ಯಾರು?”

“ಅಜ್ಜಿ.”

ಅಮ್ಮ ಎಣ್ಣೆ ಬಾಟಲಿಯ ಮುಚ್ಚಳ ತಿರುಗಿಸಿದಳು. “ಯಾವ ಕಾಯಿಲೆ?”

“ಮಂಡಿನೋವು ಅಂತ ಹಾಕಿದೀನಿ. ನಿಜಕ್ಕೆ ಹತ್ತಿರ ಇರಲಿ ಅಂತ.”

“ಮಂಡಿನೋವಲ್ಲಿ ಯಾರೇ ಸಾಯ್ತಾರೆ? ಓದೋರು ಡಾಕ್ಟರುಗಳು. ಹಾರ್ಟು ಅಂತ ಹಾಕು. ಮತ್ತೆ ನೋಡು, ಪಟ್ಟಂತ ಸಾಯಿಸಬೇಡ. ಒಂದೆರಡು ದಿನ ಆಸ್ಪತ್ರೆಯಲ್ಲಿ ಇಟ್ಟಿರು. ನೀವೆಲ್ಲ ರಜಾ ಹಾಕಿ ಬಂದು ನೋಡಿಕೊಂಡ ಹಾಗೆ ಬರಿ. ಅದಾದರೂ ಕಥೆಯಲ್ಲಿ ಆಗಲಿ.”

ಹುಡುಗಿ ಒಳಗಿನಿಂದ ಬಂದು ನನ್ನ ಹೆಗಲ ಮೇಲಿಂದ ಬಗ್ಗಿ ಓದಿದಳು. “ಚಿಕ್ಕಮ್ಮ, ಅರ್ಜಿಯಲ್ಲಿ ‘ಮನೆಯಲ್ಲಿ ವಾಸವಿರುವವರು’ ಅಂತ ಒಂದು ಕಾಲಂ ಇದೆ. ಅಜ್ಜಿ ಹೆಸರು ಹಾಕಿ ಆ ಭಾಗ ಆಗಲೇ ಕಳಿಸಿಯಾಯ್ತು.”

ಕರಡು ಒಂದು ಅಲ್ಲಿಗೆ ಪ್ರಾಣ ಬಿಟ್ಟಿತು. ಅಜ್ಜಿ ಬದುಕಿಕೊಂಡಳು, ಸ್ವಲ್ಪ ಬೇಸರದಿಂದ.

೩ (ಮತ್ತೊಮ್ಮೆ)

ಕರಡು ಎರಡಕ್ಕೆ ಮೊದಲು, ಆ ದಿನ ಏನಾಯಿತು ಎಂದು ಎಲ್ಲರಿಗೂ ತಿಳಿದಿರುವಷ್ಟನ್ನು ಹೇಳಿಬಿಡುತ್ತೇನೆ. ವಿಜ್ಞಾನ ಓದಿದವರು ಸಹಿಸಿಕೊಳ್ಳಿ.

ಸ್ಟ್ಯಾಂಡಿಗೆ ಸಿಕ್ಕಿಸಿದ ಒಂದು ಉದ್ದನೆಯ ಗಾಜಿನ ಕೊಳವೆ ಇರುತ್ತದೆ, ಮೈಮೇಲೆಲ್ಲ ಅಳತೆಯ ಗೆರೆಗಳು, ಬುಡದಲ್ಲಿ ಒಂದು ಪುಟ್ಟ ನಲ್ಲಿ. ಅದು ಬ್ಯೂರೆಟ್. ಅದಕ್ಕೆ ಆ್ಯಸಿಡ್ ತುಂಬಿ, ನಲ್ಲಿ ತಿರುಗಿಸಿ, ಕೆಳಗಿನ ಫ್ಲಾಸ್ಕಿಗೆ ಹನಿಹನಿಯಾಗಿ ಬಿಡಬೇಕು. ಫ್ಲಾಸ್ಕಿನಲ್ಲಿರುವ ಗುಲಾಬಿ ಬಣ್ಣ ಯಾವ ಹನಿಗೆ ಮಾಯವಾಗುತ್ತದೋ ಆ ಹನಿಗೆ ನಲ್ಲಿ ನಿಲ್ಲಿಸಿ, ಕೊಳವೆಯ ಗೆರೆ ನೋಡಿ, ಅಂಕಿ ಬರೆದುಕೊಳ್ಳಬೇಕು. ಹೀಗೆ ಮೂರು ಸಲ. ನಮ್ಮ ಹುಡುಗಿ ಮೂರು ಅಂಕಿಗಳನ್ನೂ ದಶಮಾಂಶದ ಸಮೇತ ಮುದ್ದಾಗಿ ಬರೆದಿದ್ದಳು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಮೇಜುಗಳ ನಡುವೆ ನಡೆದು ಬರುತ್ತಾ ಅವಳ ಉತ್ತರ ಪತ್ರಿಕೆ ನೋಡಿದರು, ತಲೆಯಾಡಿಸಿದರು. ಆಮೇಲೆ ಅವಳ ಬ್ಯೂರೆಟ್ ನೋಡಿದರು. ಅದು ಒಣಗಿತ್ತು. ಒಂದು ಹನಿಯ ಗುರುತೂ ಇರಲಿಲ್ಲ.

ಇಷ್ಟು ಸಾಮಗ್ರಿ ಕೊಟ್ಟರೆ ಯಾವ ಕಥೆಗಾರ್ತಿ ಸುಮ್ಮನಿರುತ್ತಾಳೆ? ಬರೆದೆ:

‘ಇಡೀ ತರಗತಿಗೇ ಆ ವರ್ಷದ ಉತ್ತರ ಮೊದಲೇ ಗೊತ್ತಿತ್ತು. ಅಳತೆ ಮಾಡದೆ ಬರೆದವರು ಯಾರು ಎಂದು ಪರೀಕ್ಷಕರು ಗುಡುಗಿದಾಗ ನಾನೊಬ್ಬಳೇ ಎದ್ದು ನಿಂತೆ.’

“ಚಿಕ್ಕಮ್ಮ, ನಾನು ಎದ್ದು ನಿಲ್ಲಲಿಲ್ಲ.”

“ಅದು ಒಂದು ರೀತಿ ಹೇಳೋದು ಪುಟ್ಟಾ. ಸಾಂಕೇತಿಕವಾಗಿ.”

“ಪ್ರಾಕ್ಟಿಕಲ್‌ನಲ್ಲಿ ಎಲ್ಲರೂ ನಿಂತೇ ಇರ್ತಾರೆ. ಕೂರೋಕೆ ಸ್ಟೂಲೇ ಇರಲ್ಲ.”

“ಉತ್ತರ ಎಲ್ಲರಿಗೂ ಗೊತ್ತಿತ್ತು ಅನ್ನೋದಾದರೂ ನಿಜ ತಾನೇ?”

“ನಿಜ. ಪ್ರತಿ ವರ್ಷ ಅದೇ ದ್ರಾವಣ, ಅದೇ ಉತ್ತರ. ಆದರೆ ಉಳಿದೋರು ಕೊನೇಪಕ್ಷ ಬ್ಯೂರೆಟ್ ಒದ್ದೆ ಮಾಡಿದ್ರು.”

೩ (ಇದೇ ಕೊನೆ)

ಮೂರನೆಯ ಕರಡು ಅಕ್ಕನ ಸಲಹೆ. ಅಕ್ಕ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ. ನಕಲು ಹೊಡೆದ ಮಕ್ಕಳನ್ನು ಹಿಡಿಯುವುದರಲ್ಲಿ ಅವಳದು ಎತ್ತಿದ ಕೈ. ಆದ್ದರಿಂದ ಮಗಳು ಒಂದು ವರ್ಷ ಮನೆಯಲ್ಲಿ ಉಳಿದಾಗ ಸ್ಟಾಫ್ ರೂಮಿನಲ್ಲಿ ಜಾಂಡೀಸ್ ಎಂದು ಹೇಳಿದಳು. ಜಾಂಡೀಸ್ ವರ್ಷವಿಡೀ ನಡೆಯಿತು. ಸಹೋದ್ಯೋಗಿಗಳು ಪಥ್ಯ ಬರೆದು ಕಳಿಸಿದರು. ಸಮಾಜ ಟೀಚರ್ ಮನೆಗೇ ನೋಡಲು ಬಂದಾಗ ಹುಡುಗಿ ಹೊದ್ದು ಮಲಗಬೇಕಾಯಿತು, ಗೋಡೆ ಕಡೆ ಮುಖ ಮಾಡಿ, ಕಣ್ಣು ಬೆಳ್ಳಗಿರುವುದು ಕಾಣದ ಹಾಗೆ.

“ಡಿಪ್ರೆಶನ್ ಅಂತ ಹಾಕೇ,” ಎಂದಳು ಅಕ್ಕ. “ಈಗ ಎಲ್ಲರೂ ಹಾಕ್ತಾರೆ. ಯಾರೂ ತಿರುಗಿ ಕೇಳಲ್ಲ.”

ಹುಡುಗಿ ಕೈಲಿದ್ದ ಲೋಟ ಕೆಳಗಿಟ್ಟಳು. “ಅಮ್ಮ, ನನ್ನ ಕ್ಲಾಸಲ್ಲಿ ಒಬ್ಬಳಿಗೆ ನಿಜವಾಗ್ಲೂ ಇತ್ತು. ಬೆಳಿಗ್ಗೆ ಏಳೋಕೇ ಆಗ್ತಿರಲಿಲ್ಲ ಅವಳಿಗೆ. ಆದರೂ ಬಂದು ಎಲ್ಲಾ ಪ್ರಾಕ್ಟಿಕಲ್ಲೂ ಸರಿಯಾಗಿ ಮಾಡಿದಳು. ಅವಳ ಕಾಯಿಲೇನ ನಾನು ಕದಿಯಲ್ಲ.”

ಅಕ್ಕ ಬಟ್ಟೆ ಮಡಚುವುದನ್ನು ಮುಂದುವರಿಸಿದಳು. ಒಂದೇ ಅಂಗಿಯನ್ನು ಬಿಚ್ಚಿ, ಮಡಚಿ, ಮತ್ತೆ ಬಿಚ್ಚಿದಳು.

೪

ಇಲ್ಲಿ ಕಥೆ ನಿಂತುಹೋಯಿತು. ನಾಯಕಿ ಸಹಕರಿಸುತ್ತಿಲ್ಲ. ನನ್ನ ಹಿಂದಿನ ಕಥೆಗಳ ಹೆಂಗಸರು ಎಷ್ಟು ವಿಧೇಯರಾಗಿದ್ದರು! ಕಿಟಕಿ ಬಳಿ ನಿಲ್ಲು ಎಂದರೆ ನಿಲ್ಲುತ್ತಿದ್ದರು. ಇವಳಿಗೆ ಅಳು ಎಂದರೆ ಯಾಕೆ ಎನ್ನುತ್ತಾಳೆ.

“ಸರಿ ಹಾಗಾದರೆ, ನೀನೇ ಹೇಳು. ಯಾಕೆ ಬರೆದೆ?” ಎಂದು ಕೇಳಿದೆ. ಮೂರು ಕರಡು ಮುಗಿದ ಮೇಲೆ ಕೇಳಿದೆ ಎಂಬುದನ್ನು ದಯವಿಟ್ಟು ಯಾರೂ ಗಮನಿಸಬೇಡಿ.

ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ನನ್ನ ಕಡೆ ನೋಡದೆ ಹೇಳಿದಳು.

“ವರ್ಷದ ಮೊದಲನೇ ಲ್ಯಾಬ್‌ನಲ್ಲಿ ನಾನು ನಲ್ಲಿ ತಿರುಗಿಸಿದೆ, ಅದು ಕೈಗೇ ಬಂತು. ಆ್ಯಸಿಡ್ ಎಲ್ಲಾ ಟೇಬಲ್ ಮೇಲೆ. ಮೇಡಂ ಕೂಗಾಡಿದರು, ಎಲ್ಲರೂ ನಕ್ಕರು. ಆಮೇಲೆ ನನ್ನ ಲ್ಯಾಬ್ ಪಾರ್ಟ್ನರ್ ಹೇಳಿದಳು, ‘ನಾನು ತಿರುಗಿಸ್ತೀನಿ, ನೀನು ಬರಿ, ನಿನ್ನ ಅಕ್ಷರ ಚೆನ್ನಾಗಿದೆ’ ಅಂತ. ನನಗೂ ಹಾಯಾಯ್ತು. ಅವಳು ಅಂಕಿ ಹೇಳ್ತಿದ್ದಳು, ನಾನು ಬರೀತಿದ್ದೆ. ಇಡೀ ವರ್ಷ.”

“ಇಡೀ ವರ್ಷ ಒಂದು ಸಲಾನೂ ತಿರುಗಿಸಲಿಲ್ವಾ?”

“ಒಂದು ಸಲಾನೂ ಇಲ್ಲ. ಆದರೆ ಇಡೀ ಕ್ಲಾಸಿಗೆ ನನ್ನ ರೆಕಾರ್ಡ್ ಪುಸ್ತಕಾನೇ ಬೆಸ್ಟು. ಜೂನಿಯರ್‌ಗಳಿಗೆ ತೋರಿಸೋಕೆ ಅಂತ ಮೇಡಂ ಅದನ್ನೇ ಇಟ್ಟುಕೊಂಡಿದ್ದರು.” ಅವಳು ನಕ್ಕಳು. “ಪರೀಕ್ಷೆ ದಿನ ಒಬ್ಬೊಬ್ಬರಿಗೆ ಒಂದೊಂದು ಟೇಬಲ್. ನಲ್ಲಿ ಮೇಲೆ ಕೈ ಇಟ್ಟೆ. ತಿರುಗಿಸೋಕೆ ಧೈರ್ಯ ಬರಲಿಲ್ಲ. ಬರಿಯೋದು ಗೊತ್ತಿತ್ತಲ್ಲ, ಬರೆದೆ.”

ಚಿಕ್ಕಮ್ಮನಾದವಳು ಆಗ ಏನು ಮಾಡಬೇಕು? ತಲೆ ಸವರಬೇಕು. ನನ್ನೊಳಗಿನ ಕಥೆಗಾರ್ತಿ ಮಾತ್ರ ಎದ್ದು ಕೂತು ಚಪ್ಪಾಳೆ ತಟ್ಟಿದಳು: ಯಾರೋ ಮಾಡಿದ್ದನ್ನು ಕೂತಲ್ಲೇ ಕೇಳಿಸಿಕೊಂಡು ಅಂದವಾಗಿ ಬರೆಯುವವಳು! ಎಂಥ ರೂಪಕ! (ರೂಪಕ ಯಾರನ್ನು ಕುರಿತದ್ದು ಎಂದು ಹೊಳೆಯಲು ನನಗೆ ಬಸ್ಸಿನಲ್ಲಿ ಮನೆ ಸೇರುವಷ್ಟು ಹೊತ್ತು ಬೇಕಾಯಿತು. ಹೊಳೆದ ಮೇಲೆ ಅದರ ಮೇಲಿನ ಆಸಕ್ತಿ ಕಡಿಮೆಯಾಯಿತು.)

೫

ಅವಳೇ ಬರೆದಳು. ಐನೂರು ಪದ ಬೇಕಾಗಲೇ ಇಲ್ಲ, ಅದರ ಅರ್ಧದಲ್ಲಿ ಮುಗಿಯಿತು. ಲ್ಯಾಬ್ ಪಾರ್ಟ್ನರ್, ರೆಕಾರ್ಡ್ ಪುಸ್ತಕ, ಒಣಗಿದ ಬ್ಯೂರೆಟ್. ಮರುವರ್ಷ ಅದೇ ಲ್ಯಾಬಿಗೆ ಹೋಗಿ, ತನಗಿಂತ ಚಿಕ್ಕವರ ಜೊತೆ ನಿಂತು, ನಲ್ಲಿ ತಿರುಗಿಸಲು ಕಲಿತದ್ದು. ಎಲ್ಲವೂ ಚಿಕ್ಕ ಚಿಕ್ಕ ವಾಕ್ಯ.

“ಕಾಗುಣಿತ ಮಾತ್ರ ನೋಡು ಚಿಕ್ಕಮ್ಮ,” ಎಂದು ಕಳಿಸಿದಳು.

ಕಾಗುಣಿತ ನೋಡಿದೆ. ಎರಡು ಕಡೆ ತಿದ್ದಿದೆ. ಆಮೇಲೆ ನಡುವಿನ ಈ ಸಾಲುಗಳ ಮೇಲೆ ಕಣ್ಣು ಬಿತ್ತು:

‘ನನಗೆ ಮಾಡಲು ಬರುತ್ತಿರಲಿಲ್ಲ. ಬರುವುದಿಲ್ಲ ಎಂದು ಹೇಳಲು ಹೆದರಿ, ಬರೆದೆ.’

ಇಷ್ಟು ಬೋಳು ಬೋಳಾಗಿ ಹೇಳಿದರೆ ಹೇಗೆ? ಓದುವವರು ಏನೆಂದುಕೊಳ್ಳುತ್ತಾರೆ? ಔಷಧಿ ಚೀಟಿಯಲ್ಲಿ ನಾವು ‘ಸಾವು’ ಎಂದು ನೇರವಾಗಿ ಬರೆಯುತ್ತೇವೆಯೇ? ‘ಮಾರಣಾಂತಿಕ ಪರಿಣಾಮಗಳು ವರದಿಯಾಗಿವೆ’ ಎನ್ನುತ್ತೇವೆ. ಅವಳಿಗೆ ಒಳ್ಳೆಯದಾಗಲಿ ಎಂದೇ, ನಿಜವಾಗಿ ಹೇಳುತ್ತೇನೆ, ಒಳ್ಳೆಯದಾಗಲಿ ಎಂದೇ, ಆ ಸಾಲುಗಳನ್ನು ತೆಗೆದು ಇದನ್ನು ಹಾಕಿದೆ:

‘ಆ ಕ್ಷಣದಲ್ಲಿ, ಅರಿವು ಮತ್ತು ಅಧೀರತೆಗಳ ನಡುವಿನ ಮಬ್ಬು ಗಡಿಯಲ್ಲಿ ನಿಂತಿದ್ದ ನನ್ನನ್ನು ಮೀರಿ ನನ್ನ ಲೇಖನಿ ಚಲಿಸಿತು.’

ಒಂದು ವಾಕ್ಯ. ಒಂದೇ. ವಾಪಸು ಕಳಿಸಿದೆ. ಅವಳು ನೋಡಿದಳು, ಅರ್ಜಿಗೆ ಸೇರಿಸಿ, ‘ಇದು ನನ್ನ ಸ್ವಂತ ಬರಹ’ ಎಂಬುದರ ಕೆಳಗೆ ಸಹಿ ಹಾಕಿ ಕಳಿಸಿದಳು. ಸಂದರ್ಶನಕ್ಕೆ ಕರೆ ಬಂತು. ನನ್ನ ವಾಕ್ಯದಿಂದಲೇ ಬಂತು ಎಂದು ನಾನು ಯಾರಿಗೂ ಹೇಳಲಿಲ್ಲ. ಅಮ್ಮನಿಗೆ ಮಾತ್ರ ಹೇಳಿದೆ. ಅಕ್ಕನಿಗೂ ಒಂದು ಸಲ.

೬

ಅಕ್ಕನಿಗೆ ರಜೆ ಸಿಗಲಿಲ್ಲ. (ಜಾಂಡೀಸಿಗೇ ಎಲ್ಲ ರಜೆ ಮುಗಿದಿತ್ತು.) ಜೊತೆಗೆ ನಾನು ಹೋದೆ.

ಉದ್ದನೆಯ ಓಣಿಯಂಥ ವರಾಂಡ. ನೆಲಕ್ಕೆ ನಟ್ಟು ಹಾಕಿ ಕೂರಿಸಿದ ಕುರ್ಚಿಗಳು, ಯಾರೋ ಕದ್ದೊಯ್ಯುತ್ತಾರೆ ಎಂಬಂತೆ. ಗೋಡೆಯ ಮೇಲೆ ಚರ್ಮ ಸುಲಿದ ಮನುಷ್ಯನ ದೊಡ್ಡ ಚಿತ್ರ, ಪಕ್ಕದಲ್ಲಿ ‘ಮೌನ ಕಾಪಾಡಿ’. ನಮ್ಮ ಪಕ್ಕ ಒಬ್ಬ ತಂದೆ ಮಗನಿಗೆ ಕೊನೆಯ ಗಳಿಗೆಯ ಪಾಠ ಮಾಡುತ್ತಿದ್ದರು.

“ಯಾಕೆ ಡಾಕ್ಟರಾಗಬೇಕು ಅಂದರೆ?”

“ಸೇವೆ.”

“ಬರೀ ಸೇವೆ ಅನ್ನಬೇಡ್ವೋ. ನಿಸ್ವಾರ್ಥ ಸೇವೆ ಅನ್ನು.”

“ನಿಸ್ವಾರ್ಥ ಸೇವೆ. ಅಪ್ಪಾ, ಬಾತ್‌ರೂಮು.”

ಹುಡುಗಿಯನ್ನು ಒಳಗೆ ಕರೆದರು. ಬಾಗಿಲು ಮುಚ್ಚಿತು. ಬಾಗಿಲು ಮುಚ್ಚಿದಾಗ ಕಥೆಗಾರರು ಏನು ಮಾಡುತ್ತಾರೋ ಅದನ್ನೇ ಮಾಡಿದೆ: ಅಂತ್ಯಗಳನ್ನು ಬರೆದೆ, ತಲೆಯೊಳಗೆ.

ಅಂತ್ಯ ಅ. ಸಮಿತಿಯ ಅಧ್ಯಕ್ಷರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, “ನಾನೂ ವಿದ್ಯಾರ್ಥಿಯಾಗಿದ್ದಾಗ ಒಮ್ಮೆ ಹೀಗೇ...” ಎನ್ನುತ್ತಾರೆ. (ಇದು ಬಹುಮಾನ ಬರುವ ಅಂತ್ಯ.)

ಅಂತ್ಯ ಆ. ಸೀಟು ಸಿಗುವುದಿಲ್ಲ. ಹುಡುಗಿ ಕಿಟಕಿಯ ಬಳಿ ನಿಂತು ಹೊರಗೆ ನೋಡುತ್ತಾಳೆ. (ಅಭ್ಯಾಸಬಲ.)

ಅಂತ್ಯ ಇ. ಸಮಿತಿಯವರು ನನ್ನ ವಾಕ್ಯವನ್ನು ಗಟ್ಟಿಯಾಗಿ ಓದಿ, “ಇದನ್ನು ಬರೆದವರು ಯಾರು?” ಎಂದು ಬೆರಗಾಗುತ್ತಾರೆ.

ಬಾಗಿಲು ತೆರೆಯಿತು. ಗುಮಾಸ್ತರು ಕತ್ತು ಹೊರಗೆ ಹಾಕಿದರು. “ಈ ಹುಡುಗಿ ಜೊತೆ ಬಂದಿರೋ ಚಿಕ್ಕಮ್ಮ ಯಾರು? ಒಳಗೆ ಬರಬೇಕಂತೆ.”

ಅಂತ್ಯಗಳನ್ನು ಬರೆಯುವಾಗ ಜಾಗರೂಕರಾಗಿರಿ. ಕೆಲವು ನಿಜವಾಗುತ್ತವೆ.

೭

ಒಳಗೆ ಮೂವರಿದ್ದರು. ನಡುವೆ ಹಿರಿಯ ಮಹಿಳಾ ಸರ್ಜನ್, ಬಿಳಿ ಕೂದಲನ್ನು ಹುಡುಗರಂತೆ ಗಿಡ್ಡ ಕತ್ತರಿಸಿದ್ದರು. ಎಡಗಡೆ ಕಡತ ಹಿಡಿದ ಸಣಕಲು ಪ್ರೊಫೆಸರು. ಬಲಗಡೆಯವರು ಕೊನೆಯವರೆಗೂ ಮಾತಾಡಲಿಲ್ಲ, ನೀರು ಕುಡಿಯುತ್ತಿದ್ದರು. ಹುಡುಗಿ ಅವರೆದುರು ಕೂತಿದ್ದಳು, ಕೈಗಳೆರಡೂ ತೊಡೆಯ ಕೆಳಗೆ.

“ಕೂತ್ಕೊಳ್ಳಿ,” ಎಂದರು ಸರ್ಜನ್. “ಈ ವಿವರಣೆಯಲ್ಲಿ ಒಂದು ವಾಕ್ಯ ತನ್ನದಲ್ಲ, ಚಿಕ್ಕಮ್ಮಂದು ಅಂತ ಹೇಳ್ತಿದ್ದಾಳೆ. ನಾವು ಕೇಳಿರಲಿಲ್ಲ, ತಾನಾಗೇ ಹೇಳಿದಳು. ಯಾವುದು ಅಂತ ತೋರಿಸ್ತೀರಾ?”

ತೋರಿಸಿದೆ. ಹಾಳೆಯಲ್ಲಿ ಅದರ ಕೆಳಗೆ ಆಗಲೇ ಪೆನ್ಸಿಲ್ ಗೆರೆ ಇತ್ತು.

“ಇದರ ಅರ್ಥ ಏನು?”

ಇಷ್ಟು ವರ್ಷ ಬರೆದಿದ್ದೇನೆ, ಯಾರೂ ನನ್ನನ್ನು ಈ ಪ್ರಶ್ನೆ ಕೇಳಿರಲಿಲ್ಲ. ‘ಮಬ್ಬು ಗಡಿ’ಯಿಂದ ಶುರು ಮಾಡಿದೆ. ಗಡಿಯ ಆಚೆ ಏನಿದೆ ಎಂದು ಕೇಳಿದರು. ಅಧೀರತೆ ಎಂದೆ. ಹಾಗೆಂದರೆ ಎಂದರು.

“ಹೆದರಿಕೆ, ಮೇಡಂ.”

“ಹಾಗಂತಾನೇ ಬರೀಬಹುದಿತ್ತಲ್ಲ?”

“ಅವಳು ಹಾಗೇ ಬರೆದಿದ್ದಳು.”

ಸಣಕಲು ಪ್ರೊಫೆಸರು ಕಡತ ಮುಚ್ಚಿದರು. “ವಾಕ್ಯ ಚೆನ್ನಾಗಿದೆಯೋ ಇಲ್ಲವೋ ಅದು ಬೇರೆ ವಿಷಯ. ಸ್ವಂತ ಬರಹ ಅಂತ ಸಹಿ ಹಾಕಿದ್ದಾಳೆ. ಸ್ವಂತದ್ದಲ್ಲ. ಒಂದು ಸಲ ಅಳತೆ ಮಾಡದೆ ಅಂಕಿ ಬರೆದಳು. ಅದನ್ನು ವಿವರಿಸೋ ಕಾಗದದಲ್ಲೇ ಎರಡನೇ ಸಲ. ನಿಯಮದ ಪ್ರಕಾರ ಅರ್ಜಿ ಇಲ್ಲಿಗೇ ವಜಾ ಮಾಡಬಹುದು.”

ಓದುಗರೇ, ಈವರೆಗೆ ನಾನು ನಗಿಸುತ್ತಾ ಬಂದೆ. ಆ ಕೋಣೆಯಲ್ಲಿ ನಗಿಸಲು ನನಗೆ ಏನೂ ಸಿಗಲಿಲ್ಲ. ಎಂಟನೇ ಕ್ಲಾಸಿನಿಂದ ಇವಳು ಕಾಯುತ್ತಿರುವ ಬಾಗಿಲು, ಅದರ ಹೊಸ್ತಿಲಲ್ಲಿ ನಾನು ನನ್ನ ಅಲಂಕಾರದ ವಾಕ್ಯ ಹಿಡಿದು ಅಡ್ಡ ನಿಂತಿದ್ದೆ. “ತಪ್ಪೆಲ್ಲ ನನ್ನದು ಸರ್, ಮಗುವಿನ ಮನಸ್ಸು ಬಿಳಿ ಹಾಳೆಯಂತೆ...” ಎಂದು ಶುರು ಮಾಡಿದೆ. ದೇವರೇ, ಮತ್ತೆ ರೂಪಕ.

“ಚಿಕ್ಕಮ್ಮ, ಸಾಕು,” ಎಂದಳು ಹುಡುಗಿ. ಸಿಟ್ಟಿರಲಿಲ್ಲ. ಸುಸ್ತಿತ್ತು. “ನಾನು ನೋಡಿದ್ದೆ ಸರ್. ನೋಡಿಯೇ ಕಳಿಸಿದ್ದು.”

“ನಿನ್ನ ವಾಕ್ಯ ಏನಿತ್ತು?” ಎಂದರು ಸರ್ಜನ್.

ಹುಡುಗಿ ಹೇಳಿದಳು. ಹೇಳುವಾಗ ನೆಲ ನೋಡಲಿಲ್ಲ.

“ಮತ್ತೆ ಯಾಕೆ ಬದಲಾಯಿಸೋಕೆ ಬಿಟ್ಟೆ?”

“ನಂದು ಪೆದ್ದುಪೆದ್ದಾಗಿದೆ ಅನ್ನಿಸ್ತು ಮೇಡಂ. ಚಿಕ್ಕಮ್ಮಂದು ಓದಿದವರು ಬರೆದ ಹಾಗಿತ್ತು.”

“ಈಗ?”

“ಈಗಲೂ ನಂದು ಪೆದ್ದಾಗೇ ಇದೆ.”

ನೀರು ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟರು.

“ನೋಡಮ್ಮ,” ಎಂದರು ಸರ್ಜನ್, “ಇಲ್ಲಿಗೆ ಬಂದರೆ ದಿನಕ್ಕೆ ಹತ್ತು ಸಲ, ರೋಗಿ ಎದುರಿಗೆ, ದೊಡ್ಡವರ ಎದುರಿಗೆ, ‘ನನಗೆ ಇದು ಬರಲ್ಲ’ ಅಂತ ಹೇಳಬೇಕಾಗುತ್ತೆ. ಹೇಳದೇ ಇದ್ದರೆ ಒಬ್ಬರ ಪ್ರಾಣ ಹೋಗುತ್ತೆ. ಆಗ ಹೇಳ್ತೀಯಾ?”

ಹೇಳ್ತೀನಿ ಅನ್ನು, ಹೇಳ್ತೀನಿ ಅನ್ನು ಎಂದು ನಾನು ಮನಸ್ಸಿನಲ್ಲೇ ಕಿರುಚಿದೆ. ಇಷ್ಟು ಸುಲಭದ ಸಂಭಾಷಣೆ ಯಾವ ಕಥೆಯಲ್ಲೂ ಸಿಗುವುದಿಲ್ಲ.

ಹುಡುಗಿ ತೊಡೆಯ ಕೆಳಗಿನಿಂದ ಕೈಗಳನ್ನು ಹೊರಗೆ ತೆಗೆದಳು. “ಗೊತ್ತಿಲ್ಲ ಮೇಡಂ. ಇವತ್ತು ಹೇಳೋಕಾಯ್ತು. ಆದರೆ ಇವತ್ತೂ ಒಳಗೆ ಬಂದು ಹತ್ತು ನಿಮಿಷ ಆದಮೇಲೆ ಹೇಳಿದೆ.”

ಪ್ರೊಫೆಸರು ಏನನ್ನೋ ಬರೆದುಕೊಂಡರು. ನನಗೆ ತಲೆಕೆಳಗಾಗಿ ಓದಲು ಬರುತ್ತದೆ, ವೃತ್ತಿಯ ಲಾಭ. ಆದರೆ ಅವರ ಅಕ್ಷರ ಡಾಕ್ಟರರದು.

“ಹ್ಞೂಂ. ಹೋಗಿಬನ್ನಿ,” ಎಂದರು ಸರ್ಜನ್. “ಏನೇ ಆದರೂ ಫೋನ್ ಮಾಡ್ತೀವಿ.”

೮

ಬಸ್ ಸ್ಟಾಪಿನಲ್ಲಿ ಬಸ್ಸುಗಳ ವೇಳಾಪಟ್ಟಿಯನ್ನು ಎರಡು ಸಲ ಓದಿದೆ. ಕೊನೆಗೆ ನಾನೇ ಕೇಳಿದೆ. “ಅವರು ಕೇಳದೇ ಇದ್ದರೂ ಯಾಕೆ ಹೇಳಿದೆ?”

“ಆ ಮೇಡಂ ಅದೇ ವಾಕ್ಯದ ಮೇಲೆ ಬೆರಳಿಟ್ಟು, ‘ಚೆನ್ನಾಗಿ ಬರೀತೀಯ’ ಅಂದರು ಚಿಕ್ಕಮ್ಮ. ರೆಕಾರ್ಡ್ ಪುಸ್ತಕ ನೋಡಿ ನಮ್ಮ ಲ್ಯಾಬ್ ಮೇಡಮ್ಮೂ ಹಾಗೇ ಅಂತಿದ್ದರು.”

“ಚೆನ್ನಾಗಿದೆ ಅಂದರಾ? ಅವರೇ ಅಂದರಾ?”

ಹೌದು. ಇದನ್ನೇ ಕೇಳಿದೆ. ಬಾಯಿಂದ ಬಿದ್ದ ಮೇಲೆ ಹೆಕ್ಕಿಕೊಳ್ಳಲು ಆಗಲಿಲ್ಲ. ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಜೋರಾಗಿ ನಗಲು ಶುರು ಮಾಡಿದಳು, ಸ್ಟಾಪಿನಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು. ಬಸ್ಸು ಬರುವವರೆಗೂ ನಕ್ಕಳು. ನಗುವಿನ ಕೊನೆಗೆ ಕಣ್ಣು ಒರೆಸಿಕೊಂಡಳು. ಅದು ನಗುವಿನ ನೀರೋ ಬೇರೆಯದೋ ಎಂದು ಬರೆಯಲು ನನ್ನ ಕೈ ತುರಿಸುತ್ತಿದೆ.

೯

ಈ ಕಥೆಯನ್ನು ಅಕ್ಕನ ಮನೆಯ ಊಟದ ಮೇಜಿನ ಮುಂದೆ ಕೂತು ಬರೆಯುತ್ತಿದ್ದೇನೆ. ಮಧ್ಯಾಹ್ನ. ಇವತ್ತು ಫೋನ್ ಬರಬಹುದು ಎಂದು ಕಾಲೇಜಿನವರು ಹೇಳಿದ್ದಾರೆ. ಎಲ್ಲರೂ ಮನೆಯಲ್ಲೇ ಇದ್ದೇವೆ, ಯಾರೂ ಅದಕ್ಕಾಗಿ ಉಳಿದಿಲ್ಲ ಎಂಬಂತೆ. ಬರೆದಷ್ಟನ್ನು ಪಾತ್ರಗಳಿಗೆ ಓದಿ ಹೇಳಿದೆ. ಈ ಸಲ ಯಾರಿಗೂ ತಿಳಿಸದೆ ಒಂದು ಸಾಲನ್ನೂ ಮುಟ್ಟುವ ಧೈರ್ಯ ನನಗಿಲ್ಲ.

“ನನ್ನ ಜಾಂಡೀಸ್ ತೆಗಿ,” ಎಂದಳು ಅಕ್ಕ. “ಸಮಾಜ ಟೀಚರ್ ಕಥೆ ಗಿಥೆ ಎಲ್ಲಾ ಓದ್ತಾರೆ.”

“ಜಾಂಡೀಸ್ ತೆಗೆದರೆ ಕಥೆ ಬಡವಾಗುತ್ತೆ ಅಕ್ಕಾ.”

“ಆಗಲಿ ಬಿಡು. ನೀನೇನು ಕಥೆಯಿಂದ ಬಂಗಲೆ ಕಟ್ಟಿದೀಯಾ?”

ಅಮ್ಮ, “ನಾನು ಕೊನೇತನಕ ಬದುಕಿರ್ತೀನಾ?” ಎಂದು ಕೇಳಿದಳು. ಇರ್ತೀಯ ಎಂದೆ. “ಹಾಗಾದರೆ ಮಂಡಿನೋವು ವಾಸಿ ಮಾಡಿಬಿಡು, ನಿನ್ನ ಕೈಲೇ ಇದೆಯಲ್ಲ,” ಎಂದಳು.

ಹುಡುಗಿಯದು ಒಂದೇ ದೂರು. “ನನ್ನನ್ನ ತುಂಬಾ ಒಳ್ಳೆಯವಳನ್ನಾಗಿ ಮಾಡಿದೀಯ. ಪರೀಕ್ಷಕರು ಹಿಡಿದಾಗ ನಾನು ಮೊದಲು ‘ಬ್ಯೂರೆಟ್ ಒರೆಸಿಟ್ಟೆ ಸರ್’ ಅಂತ ಸುಳ್ಳು ಹೇಳಿದ್ದೆ. ಅದನ್ನ ಹಾಕಿಲ್ಲ.”

“ನನಗೆ ಗೊತ್ತೇ ಇರಲಿಲ್ಲವಲ್ಲ.”

“ಈಗ ಗೊತ್ತಾಯ್ತಲ್ಲ. ಹಾಕು.”

ಹಾಕಿದ್ದೇನೆ.

ಇನ್ನು ಕೊನೆ. ನಿಮಗೆ ಬೇಕಾದದ್ದು ಅದೊಂದೇ ಎಂದು ನನಗೆ ಗೊತ್ತು: ಸೀಟು ಸಿಕ್ಕಿತೋ ಇಲ್ಲವೋ. ಮನೆಯಲ್ಲಿ ಉಳಿದವರಿಗೂ ಅದೇ ಬೇಕು. ಸಿಕ್ಕಿತು ಎಂದು ಬರೆದರೆ ಸತ್ಯ ಹೇಳಿದವರಿಗೆಲ್ಲ ಬಹುಮಾನವಿದೆ ಎಂದಂತಾಗುತ್ತದೆ. ನನ್ನ ಅನುಭವ ಹಾಗಿಲ್ಲ. ಸಿಗಲಿಲ್ಲ ಎಂದು ಬರೆದರೆ ಕಥೆಗೆ ಗಾಂಭೀರ್ಯ ಬರುತ್ತದೆ. ಆ ಗಾಂಭೀರ್ಯಕ್ಕಾಗಿ ಇವಳನ್ನು ಬಲಿ ಕೊಡಲಾರೆ.

ಫೋನ್ ಬಂತು.

ಇದು ತಂತ್ರವಲ್ಲ. ನಿಜವಾಗಿ ಬಂತು, ಮೇಲಿನ ಸಾಲು ಮುಗಿಸುವಷ್ಟರಲ್ಲಿ. ಹುಡುಗಿ ಎತ್ತಿಕೊಂಡು ಹಜಾರದ ಆ ಕೊನೆಗೆ ಹೋಗಿದ್ದಾಳೆ. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಒದ್ದೆ ಕೈ ಮೇಲೆತ್ತಿಕೊಂಡು ನಿಂತಿದ್ದಾಳೆ, ನೀರು ಮೊಣಕೈವರೆಗೆ ಇಳಿಯುತ್ತಿದೆ. ಅಮ್ಮ ಟಿವಿಯ ಸದ್ದು ಪೂರ್ತಿ ಕಡಿಮೆ ಮಾಡಿದ್ದಾಳೆ. ತೆರೆಯ ಮೇಲೆ ಯಾರೋ ಸದ್ದಿಲ್ಲದೆ ಜಗಳವಾಡುತ್ತಿದ್ದಾರೆ.

“ಹೌದು ಮೇಡಂ... ಹೌದು, ನಾನೇ... ಹ್ಞೂಂ.”

ನನಗೆ ಕಾಣುತ್ತಿರುವುದು ಅವಳ ಬೆನ್ನು ಮಾತ್ರ. ನಾನು ಈವರೆಗೆ ಬರೆದ ಬೆನ್ನುಗಳೆಲ್ಲ ಬಿಕ್ಕಿದ್ದವು, ನಡುಗಿದ್ದವು, ಏನೇನೋ ಹೇಳಿದ್ದವು. ಈ ಬೆನ್ನು ಏನೂ ಹೇಳುತ್ತಿಲ್ಲ. ಹಳದಿ ಅಂಗಿ. ಕಾಲರಿನ ಒಂದು ಕಡೆ ಒಳಗೆ ಮಡಚಿಕೊಂಡಿದೆ. ಎಡಗೈ ಬೆರಳುಗಳು ಗೋಡೆಯ ಮೇಲೆ ಏನನ್ನೋ ಗೀಚುತ್ತಿವೆ, ಅಥವಾ ಸುಮ್ಮನೆ ಆಡುತ್ತಿವೆ.

“ಸರಿ ಮೇಡಂ... ಇಲ್ಲ, ಅರ್ಥ ಆಯ್ತು... ಸರಿ.”

ಫೋನು ಕೆಳಗಿಳಿಯಿತು. ಅವಳು ಇನ್ನೂ ತಿರುಗಿಲ್ಲ. ಅಕ್ಕ, “ಏನಂತೆ?” ಎಂದಳು.

ತಿರುಗುತ್ತಿದ್ದಾಳೆ.

ಓದುಗರೇ, ನೀವು ಇಲ್ಲೇ ಇರಿ. ಅವಳ ಮುಖದಲ್ಲಿ ಏನೇ ಇದ್ದರೂ ನನಗೆ ಈಗ ಎರಡು ಕೈಯೂ ಬೇಕು. ಪೆನ್ನು ಕೆಳಗಿಡುತ್ತಿದ್ದೇನೆ.